ಹೆಗಲು ತಪ್ಪಿಸಿದ ಮೂರನೆಯವನು

ಪಲ್ಲಕ್ಕಿಯ ಉತ್ಸವವನ್ನು ಕಂಡವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಹೊರುವವರು ನಾಲ್ವರು. ನಾಲ್ವರ ಹೆಜ್ಜೆಯೂ ಒಂದೇ ತಾಳಕ್ಕೆ ಬಿದ್ದರೆ ದೇವರು ಗಾಳಿಯಲ್ಲಿ ತೇಲಿ ಬಂದಂತೆ ತೋರುತ್ತದೆ. ಅವರಲ್ಲಿ ಒಬ್ಬನು ಮೆಲ್ಲನೆ ಹೆಗಲು ತಪ್ಪಿಸಿದನೆನ್ನಿ. ಪಲ್ಲಕ್ಕಿ ಒಡನೆಯೇ ಬೀಳುವುದಿಲ್ಲ, ನಿಲ್ಲುವುದೂ ಇಲ್ಲ. ಆದರೆ ಉಳಿದ ಮೂವರ ಬೆನ್ನು ಬಾಗುತ್ತದೆ, ನಡಿಗೆ ತೂಗಾಡುತ್ತದೆ, ಒಳಗಿನ ಮೂರ್ತಿಯ ಹಾರ ಅತ್ತಿತ್ತ ಅಲುಗುತ್ತದೆ. ದೂರ ನಿಂತು ನೋಡುವವನಿಗೆ ಏನೋ ಸರಿಯಿಲ್ಲವೆಂದು ತಿಳಿಯುತ್ತದೆಯೇ ಹೊರತು, ತಪ್ಪಿದವನು ಯಾರೆಂಬುದು ತಿಳಿಯುವುದಿಲ್ಲ.

ನಾಲ್ಕು ಸಿಲಿಂಡರುಗಳ ಮೋಟಾರು ಗಾಡಿಯ ಪಾಡೂ ಇದೇ. ನಾಲ್ಕರಲ್ಲಿ ಒಂದು ಸಿಲಿಂಡರು ತನ್ನ ಸರದಿ ಬಂದಾಗ ಉರಿಯದೆ ಸುಮ್ಮನಿದ್ದರೆ, ಗಾಡಿ ಓಡುತ್ತಲೇ ಇರುತ್ತದೆ. ಓಟದಲ್ಲಿ ಮಾತ್ರ ಕಳೆಯಿರುವುದಿಲ್ಲ. ಇದಕ್ಕೆ ‘ಮಿಸ್‌ಫೈರ್’ ಎಂದು ಹೆಸರು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ‘ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ’ ಎನ್ನುತ್ತಾರೆ. ಮಾತು ಸಣ್ಣದು, ಅದರ ಹಿಂದೆ ಬರುವ ಖರ್ಚಿನ ಪಟ್ಟಿ ಮಾತ್ರ ಒಮ್ಮೊಮ್ಮೆ ಬಹಳ ದೊಡ್ಡದು.

ಇಂತಹ ಪ್ರಸಂಗವೊಂದನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಬಹುದು. ದೀಪಾವಳಿಯ ರಜೆ ಮುಗಿಸಿ ಮಂಗಳೂರಿನಿಂದ ಬೆಂಗಳೂರಿಗೆ ಹಿಂತಿರುಗುತ್ತಿರುವ ಒಂದು ಕುಟುಂಬ. ಗೃಹಸ್ಥರು ವಿಮಾ ಕಚೇರಿಯ ನೌಕರರು. ಪಕ್ಕದಲ್ಲಿ ಪತ್ನಿ. ಹಿಂದಿನ ಆಸನದಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ತಾಯಿ; ಅವರ ಪಕ್ಕದಲ್ಲಿ ತೂಕಡಿಸುತ್ತಿರುವ ಹತ್ತು ವರ್ಷದ ಮೊಮ್ಮಗಳು. ಗಾಡಿ ಹತ್ತು ವರ್ಷ ಹಳೆಯದು, ಇನ್ನೊಬ್ಬರ ಕೈಯಿಂದ ಕೊಂಡದ್ದು. ಗುಂಡ್ಯ ದಾಟುವವರೆಗೆ ಎಲ್ಲವೂ ಸರಿಯಾಗಿತ್ತು. ಶಿರಾಡಿ ಘಟ್ಟದ ಏರಿನಲ್ಲಿ, ಮುಂದಿನ ಲಾರಿಯನ್ನು ದಾಟಲೆಂದು ಗೃಹಸ್ಥರು ಆಕ್ಸಿಲರೇಟರನ್ನು ಒತ್ತಿದರು. ಗಾಡಿ ಮುನ್ನುಗ್ಗುವ ಬದಲು ಮುಗ್ಗರಿಸಿತು. ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದಂತಾಯಿತು. ಎದುರಿನ ಫಲಕದಲ್ಲಿ ಎಂಜಿನಿನ ಆಕಾರದ ಹಳದಿ ದೀಪ ಮಿಣಿಮಿಣಿ ಮಿನುಗತೊಡಗಿತು.

ಅವರು ಲಾರಿಯನ್ನು ದಾಟುವ ಆಸೆಯನ್ನು ಬಿಟ್ಟು, ರಸ್ತೆ ಅಗಲವಾಗಿದ್ದೆಡೆ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಆ ದಿನ ಅವರು ಮಾಡಿದ ಬುದ್ಧಿವಂತಿಕೆಯ ಕೆಲಸಗಳಲ್ಲಿ ಇದು ಮೊದಲನೆಯದು. ಏಕೆಂಬುದನ್ನು ತಿಳಿಯಬೇಕಾದರೆ ಸಿಲಿಂಡರಿನ ಒಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ನೋಡಬೇಕು.

1876ರಲ್ಲಿ ಜರ್ಮನಿಯ ನಿಕೋಲಸ್ ಆಟೋ ರೂಪಿಸಿದ ಎಂಜಿನಿನ ಕ್ರಮವೇ ಇಂದಿಗೂ ಪೆಟ್ರೋಲು ಗಾಡಿಗಳ ಕ್ರಮ. ಸಿಲಿಂಡರಿನೊಳಗೆ ಪಿಸ್ಟನ್ನು ನಾಲ್ಕು ಸಾರಿ ಮೇಲೆ ಕೆಳಗೆ ಆಡುತ್ತದೆ. ಮೊದಲ ಆಟದಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಅದನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಅದುಮುತ್ತದೆ. ಆಗ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಮಿಶ್ರಣ ಉರಿಯುತ್ತದೆ. ಆ ಉರಿಯ ಒತ್ತಡಕ್ಕೆ ಪಿಸ್ಟನ್ನು ಕೆಳಗೆ ತಳ್ಳಲ್ಪಡುವುದೇ ಮೂರನೆಯ ಆಟ. ನಾಲ್ಕನೆಯದರಲ್ಲಿ ಉರಿದ ಹೊಗೆ ಹೊರಬೀಳುತ್ತದೆ. ನಾಲ್ಕರಲ್ಲಿ ದುಡಿಮೆಯ ಆಟ ಒಂದೇ. ಆದುದರಿಂದಲೇ ನಾಲ್ಕು ಸಿಲಿಂಡರುಗಳನ್ನಿಟ್ಟು, ಒಂದಾದ ಮೇಲೊಂದು ದುಡಿಯುವಂತೆ ಏರ್ಪಡಿಸಿರುತ್ತಾರೆ. ಬಹುತೇಕ ಗಾಡಿಗಳಲ್ಲಿ ಈ ಸರದಿ ಒಂದು, ಮೂರು, ನಾಲ್ಕು, ಎರಡು ಎಂದು ಸಾಗುತ್ತದೆ.

ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಸಾರಿ ಕಿಡಿ ಹಾರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಸಾರಿ. ಪ್ರತಿ ಸಾರಿಯೂ ಮೂರು ಸಂಗತಿಗಳು ಕೂಡಿಬರಬೇಕು: ಸಕಾಲದಲ್ಲಿ ಬಲವಾದ ಕಿಡಿ, ತಕ್ಕ ಪ್ರಮಾಣದಲ್ಲಿ ಗಾಳಿ ಮತ್ತು ಪೆಟ್ರೋಲು, ಸೋರದೆ ನಿಲ್ಲುವ ಒತ್ತಡ. ಗಾಳಿಯ ತೂಕ ಸುಮಾರು 14.7 ಪಾಲಾದರೆ ಪೆಟ್ರೋಲಿನದು ಒಂದು ಪಾಲು. ಮೂರರಲ್ಲಿ ಒಂದು ತಪ್ಪಿದರೂ ಆ ಸಿಲಿಂಡರಿನ ಪಾಲಿಗೆ ಆ ಸಾರಿ ಏಕಾದಶಿಯೇ. ಮಿಸ್‌ಫೈರಿನ ಕಾರಣಗಳು ಎಷ್ಟೇ ಇರಲಿ, ಅವೆಲ್ಲವೂ ಈ ಮೂರು ಮನೆಗಳಿಗೆ ಸೇರಿದವುಗಳೇ ಎಂಬುದನ್ನು ನೆನಪಿನಲ್ಲಿಟ್ಟರೆ ಅರ್ಧ ಗೊಂದಲ ಅಲ್ಲಿಗೇ ಕಳೆಯಿತು.

ಇನ್ನು ಮಿನುಗುವ ದೀಪದ ವಿಚಾರ. ಉರಿಯದೆ ಉಳಿದ ಪೆಟ್ರೋಲು ಎಲ್ಲಿಗೆ ಹೋಗಬೇಕು? ಹೊಗೆಯ ಕೊಳವೆಗೆ. ಇಂದಿನ ಗಾಡಿಗಳಲ್ಲಿ ಆ ಕೊಳವೆಯ ನಡುವೆ ಹೊಗೆಯನ್ನು ಶುದ್ಧಿಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯಿದೆ. ಭಾರತದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಇದು 1995ರಲ್ಲಿ ಕಡ್ಡಾಯವಾಯಿತು. ಅನಂತರ ಎಲ್ಲೆಡೆಯೂ ಬಂದಿತು. ಅದರೊಳಗೆ ಜೇನುಗೂಡಿನಂತಹ ಪಿಂಗಾಣಿಯ ತಿರುಳು, ತಿರುಳಿನ ಮೇಲೆ ಪ್ಲಾಟಿನಮ್ಮಿನಂತಹ ಬೆಲೆಬಾಳುವ ಲೋಹಗಳ ಲೇಪ. ಸಿಲಿಂಡರಿನಲ್ಲಿ ಉರಿಯಬೇಕಾದ ಪೆಟ್ರೋಲು ಇಲ್ಲಿಗೆ ಬಂದು ಉರಿಯತೊಡಗಿದರೆ ಒಳಗಿನ ಕಾವು ಸಾವಿರ ಡಿಗ್ರಿಯನ್ನೂ ದಾಟಬಹುದು. ತಿರುಳು ಕರಗಿ ಮುಚ್ಚಿಹೋಗಬಹುದು. ಗಾಡಿಯ ಕೆಳಗೆ ಒಣಹುಲ್ಲು ಇದ್ದರೆ ಅದಕ್ಕೆ ಬೆಂಕಿ ತಗಲುವ ಅಪಾಯವೂ ಇಲ್ಲದಿಲ್ಲ. ದೀಪ ಸ್ಥಿರವಾಗಿ ಉರಿದರೆ ‘ಬೇಗ ಪರೀಕ್ಷೆ ಮಾಡಿಸಿ’ ಎಂದು ಅರ್ಥ. ಮಿನುಗಿದರೆ ‘ಈಗಲೇ ವೇಗ ತಗ್ಗಿಸಿ, ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ’ ಎಂದು ಅರ್ಥ. ಒಂದು ಪ್ಲಗ್ಗಿನ ದೋಷವನ್ನು ಅಲಕ್ಷಿಸಿ ಈ ಪೆಟ್ಟಿಗೆಯನ್ನೇ ಬದಲಾಯಿಸಬೇಕಾಗಿ ಬಂದರೆ, ಅದು ಸೂಜಿಯ ಆಸೆಗೆ ಸೀರೆಯನ್ನು ಹರಿದುಕೊಂಡಂತೆ.

ಘಟ್ಟದಲ್ಲಿ ನಿಂತ ಗಾಡಿಯ ಸುತ್ತ ಹತ್ತು ನಿಮಿಷದಲ್ಲಿ ನಾಲ್ಕು ಮಂದಿ ಸೇರಿದರು. ಒಬ್ಬರು ಪೆಟ್ರೋಲಿನಲ್ಲಿ ನೀರು ಬೆರೆತಿದೆ ಎಂದರು. ಇನ್ನೊಬ್ಬರು ಪಂಪು ಕೆಟ್ಟಿದೆ ಎಂದರು. ಮತ್ತೊಬ್ಬರು ಇಲಿ ತಂತಿ ಕಡಿದಿರಬೇಕೆಂದು ಬಾನೆಟ್ಟಿನೊಳಗೆ ಇಣುಕಿದರು. ಎಂಜಿನನ್ನೇ ಇಳಿಸಬೇಕಾದೀತು ಎಂದು ನಾಲ್ಕನೆಯವರು ನಿಟ್ಟುಸಿರಿಟ್ಟರು. ಯಾರ ಮಾತೂ ಅಸಾಧ್ಯವಾದದ್ದಲ್ಲ. ಆದರೆ ಯಾರೊಬ್ಬರೂ ಪರೀಕ್ಷಿಸಿ ಆಡಿದ ಮಾತೂ ಅಲ್ಲ. ಎಂಜಿನು ತುಸು ತಣಿದ ಮೇಲೆ ಗೃಹಸ್ಥರು ಆಕ್ಸಿಲರೇಟರನ್ನು ಹಗುರವಾಗಿ ಒತ್ತುತ್ತ, ದೀಪ ಮಿನುಗದಷ್ಟು ನಿಧಾನವಾಗಿ ಗಾಡಿಯನ್ನು ನಡೆಸಿಕೊಂಡು ಸಕಲೇಶಪುರವನ್ನು ಮುಟ್ಟಿದರು. ಹಗುರವಾಗಿ ನಡೆಸಿದರೆ ಮುಗ್ಗರಿಸುವುದಿಲ್ಲ, ಭಾರ ಬಿದ್ದರೆ ಮುಗ್ಗರಿಸುತ್ತದೆ ಎಂಬುದು ದಾರಿಯಲ್ಲಿ ಅವರಿಗೆ ತಿಳಿದುಬಂದಿತು. ಈ ಒಂದು ಸಂಗತಿಯ ಬೆಲೆ ಎಷ್ಟೆಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

ಕಾರ್ಯಾಗಾರದಲ್ಲಿದ್ದ ತರುಣನು ಬಾನೆಟ್ಟನ್ನು ಎತ್ತಿ, ಎಂಜಿನಿನ ಸದ್ದನ್ನು ಅರೆನಿಮಿಷ ಕೇಳಿ, ಪಟ್ಟಿ ಬರೆಯತೊಡಗಿದನು. ನಾಲ್ಕು ಪ್ಲಗ್ಗು, ನಾಲ್ಕು ಕಾಯಿಲು, ನಾಲ್ಕು ಇಂಜೆಕ್ಟರು, ಪೆಟ್ರೋಲು ಪಂಪು. ಕೊನೆಯಲ್ಲಿ ಕೂಡಿದ ಮೊತ್ತ ಮೊಮ್ಮಗಳ ಶಾಲೆಯ ಶುಲ್ಕಕ್ಕೆಂದು ತೆಗೆದಿರಿಸಿದ್ದ ಹಣಕ್ಕೆ ಹೆಚ್ಚುಕಡಿಮೆ ಸಮನಾಗಿತ್ತು. ಗೃಹಸ್ಥರು ಪತ್ನಿಯ ಮುಖ ನೋಡಿದರು. ಪತ್ನಿ ಪಟ್ಟಿಯನ್ನು ನೋಡಿದರು.

ಆಗ ತಾಯಿಯವರು ಕುರ್ಚಿಯಿಂದಲೇ ಕೇಳಿದರು: “ಇಷ್ಟರಲ್ಲಿ ಕೆಟ್ಟಿರುವುದು ಯಾವುದಪ್ಪಾ?”

“ಯಾವುದಾದರೂ ಇರಬಹುದು ಅಮ್ಮ. ಎಲ್ಲವನ್ನೂ ಬದಲಾಯಿಸಿದರೆ ಚಿಂತೆಯೇ ಇಲ್ಲ.”

“ತರಗತಿಯಲ್ಲಿ ಯಾರೋ ಒಬ್ಬನು ಸಿಳ್ಳೆ ಹೊಡೆದರೆ ತರಗತಿಗೆ ತರಗತಿಯನ್ನೇ ಬೇರೆ ಶಾಲೆಗೆ ಕಳುಹಿಸುತ್ತಾರೆಯೆ?”

ಒಳಗೆ ಬೇರೊಂದು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ಕು ಈ ಮಾತಿಗೆ ನಕ್ಕು ಹೊರಬಂದರು. ಪಟ್ಟಿ ಅಲ್ಲಿಗೇ ನಿಂತಿತು, ಪರೀಕ್ಷೆ ಪ್ರಾರಂಭವಾಯಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ನಮ್ಮಲ್ಲಿದೆ. ಆದುದರಿಂದ ಮೊದಲು ತಿಳಿಯಬೇಕಾದದ್ದು ಜ್ವರ ಬಂದಿರುವುದು ಯಾರಿಗೆ ಎಂಬುದು. ಹಿಂದಿನ ಕಾಲದ ಅಂಬಾಸಿಡರಿನಂತಹ ಗಾಡಿಗಳಲ್ಲಿ ಇದಕ್ಕೊಂದು ಸರಳವಾದ ವಿಧಾನವಿತ್ತು. ಎಂಜಿನು ನಡೆಯುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ತಂತಿಯನ್ನು ಕ್ಷಣಕಾಲ ಕಳಚುವುದು. ದುಡಿಯುತ್ತಿದ್ದ ಸಿಲಿಂಡರಿನ ತಂತಿಯನ್ನು ಕಳಚಿದರೆ ಎಂಜಿನು ಇನ್ನಷ್ಟು ಕುಂಟುತ್ತದೆ. ಸೋಮಾರಿಯದನ್ನು ಕಳಚಿದರೆ ಏನೂ ವ್ಯತ್ಯಾಸವಾಗುವುದಿಲ್ಲ. ದುಡಿಯದವನನ್ನು ಮನೆಗೆ ಕಳುಹಿಸಿದರೆ ಕೆಲಸವೇನು ಕೆಡುತ್ತದೆ? ತತ್ತ್ವ ಇಂದಿಗೂ ಅದೇ, ವಿಧಾನ ಮಾತ್ರ ಹಾಗೆಯೇ ಸಲ್ಲದು. ಇಂದಿನ ಗಾಡಿಗಳ ಕಿಡಿಯ ವಿದ್ಯುತ್ತು ಹತ್ತಾರು ಸಾವಿರ ವೋಲ್ಟಿನದು. ಚಾಲನೆಯಲ್ಲಿರುವಾಗ ಅದನ್ನು ಕಳಚಹೋದರೆ ಮನುಷ್ಯನಿಗೂ ಅಪಾಯ, ಗಾಡಿಯ ಎಲೆಕ್ಟ್ರಾನಿಕ್ ಮಿದುಳಿಗೂ ಅಪಾಯ. ಬಲ್ಲ ಮೆಕ್ಯಾನಿಕ್ಕು ಅದರ ಬದಲು ಇಂಜೆಕ್ಟರಿನ ಸಣ್ಣ ತಂತಿಯನ್ನು ಕಳಚಿ ನೋಡುತ್ತಾನೆ. ಆಗ ಆ ಸಿಲಿಂಡರಿಗೆ ಪೆಟ್ರೋಲೇ ಹೋಗುವುದಿಲ್ಲವಾದುದರಿಂದ ಹೊಗೆಪೆಟ್ಟಿಗೆಗೂ ಕೇಡಿಲ್ಲ.

ಇದಕ್ಕಿಂತ ಸುಲಭವಾದ ಇನ್ನೊಂದು ಮಾರ್ಗವೂ ಈಗ ಉಂಟು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಗಿ ಬಂದು, ಕ್ರಮೇಣ ಎಲ್ಲ ದೇಶಗಳಿಗೂ ಹರಡಿದ ಓಬಿಡಿ ಎಂಬ ವ್ಯವಸ್ಥೆ ಅದು. ಚಾಲಕನ ಮೊಣಕಾಲಿನ ಬಳಿ ಹದಿನಾರು ರಂಧ್ರಗಳ ಒಂದು ಸಾಕೆಟ್ಟು ಇರುತ್ತದೆ. ಅದಕ್ಕೆ ಅಂಗೈಯಗಲದ ಉಪಕರಣವನ್ನು ಚುಚ್ಚಿದರೆ ಗಾಡಿ ತನ್ನ ದೂರನ್ನು ಸಂಕೇತದಲ್ಲಿ ಹೇಳುತ್ತದೆ. ಪ್ರತಿ ಸಾರಿ ಉರಿದಾಗಲೂ ಕ್ರ್ಯಾಂಕ್ ದಂಡಕ್ಕೆ ಒಂದು ನೂಕು ಸಿಕ್ಕಿ ವೇಗ ತುಸು ಏರಬೇಕು. ಯಾರ ಸರದಿಯಲ್ಲಿ ಆ ನೂಕು ಸಿಗಲಿಲ್ಲವೆಂಬುದನ್ನು ಗಾಡಿಯ ಮಿದುಳು ಲೆಕ್ಕ ಹಾಕಿಟ್ಟಿರುತ್ತದೆ. ಪಿ0301 ಎಂದರೆ ಒಂದನೆಯ ಸಿಲಿಂಡರು, ಪಿ0302 ಎಂದರೆ ಎರಡನೆಯದು. ಪಿ0300 ಎಂದರೆ ದೋಷ ಒಂದೆಡೆ ನಿಲ್ಲದೆ ಹಲವು ಸಿಲಿಂಡರುಗಳಲ್ಲಿ ಅಡ್ಡಾಡುತ್ತಿದೆ ಎಂದು ತಾತ್ಪರ್ಯ.

ನಮ್ಮ ಗೃಹಸ್ಥರ ಗಾಡಿ ಹೇಳಿದ್ದು ಪಿ0303. ಹೆಗಲು ತಪ್ಪಿಸಿದವನು ಮೂರನೆಯವನು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಸಂಕೇತವು ಮನೆಯ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಕಳ್ಳನ ಹೆಸರನ್ನು ಹೇಳುವುದಿಲ್ಲ. ಮೂರನೆಯ ಸಿಲಿಂಡರು ಉರಿಯುತ್ತಿಲ್ಲವೆಂಬುದು ನಿಜ. ಕಿಡಿಯಿಲ್ಲದೆ ಉರಿಯುತ್ತಿಲ್ಲವೋ, ಪೆಟ್ರೋಲಿಲ್ಲದೆಯೋ, ಒತ್ತಡವಿಲ್ಲದೆಯೋ ಎಂಬುದನ್ನು ಇನ್ನು ಮೇಲೆ ಹುಡುಕಬೇಕು. ಅಗ್ಗವಾದ, ಸುಲಭವಾದ ಪರೀಕ್ಷೆಯನ್ನು ಮೊದಲು ಮಾಡಿ, ಕಷ್ಟವಾದದ್ದನ್ನು ಕೊನೆಗಿಡುವುದು ಕ್ರಮ.

ಹಿರಿಯ ಮೆಕ್ಯಾನಿಕ್ಕು ಮೊದಲು ಗೃಹಸ್ಥರನ್ನು ಕೇಳಿದ್ದು ಒಂದೇ ಪ್ರಶ್ನೆ: “ಯಾವಾಗ ಮುಗ್ಗರಿಸುತ್ತದೆ?” ಭಾರ ಬಿದ್ದಾಗ ಮಾತ್ರ ಎಂಬ ಉತ್ತರ ಕೇಳಿ ಅವರು ತಲೆಯಾಡಿಸಿದರು. ಕಾರಣವಿಷ್ಟೆ. ಆಕ್ಸಿಲರೇಟರನ್ನು ಒತ್ತಿದಷ್ಟೂ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗುತ್ತದೆ, ಅದುಮಿದ ಮಿಶ್ರಣ ಹೆಚ್ಚು ದಟ್ಟವಾಗುತ್ತದೆ. ದಟ್ಟವಾದ ಮಿಶ್ರಣವನ್ನು ಭೇದಿಸಿ ಕಿಡಿ ಹಾರಬೇಕಾದರೆ ಹೆಚ್ಚು ವೋಲ್ಟೇಜು ಬೇಕು. ಕಿಡಿಯ ಸರಬರಾಜು ದುರ್ಬಲವಾಗಿದ್ದರೆ ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸಿ, ಏರಿನಲ್ಲಿ ಕೈಚೆಲ್ಲುತ್ತದೆ. ಅದರ ಬದಲು ನಿಂತಲ್ಲೇ ನಡೆಯುವಾಗ ಮಾತ್ರ ಕುಂಟುತ್ತಿದ್ದರೆ, ಎಲ್ಲೋ ರಬ್ಬರು ಕೊಳವೆ ಬಿರಿದು ಲೆಕ್ಕಕ್ಕೆ ಸಿಗದ ಗಾಳಿ ಒಳಸೇರುತ್ತಿದೆಯೆಂದು ಶಂಕಿಸಬೇಕು. ಬೆಳಗ್ಗೆ ತಣ್ಣಗಿರುವಾಗ ಕುಂಟಿ, ಕಾದ ಮೇಲೆ ಸರಿಹೋದರೆ ಅದಕ್ಕೆ ಬೇರೆ ಕಾರಣಗಳು. ಎಂಜಿನನ್ನು ನೀರಿನಿಂದ ತೊಳೆಸಿದ ಮರುದಿನ ಪ್ರಾರಂಭವಾದರೆ ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು. ರೋಗಿಯ ಮಾತನ್ನು ಕೇಳದೆ ನಾಡಿ ಹಿಡಿಯುವ ವೈದ್ಯನಿಗೂ, ಯಾವಾಗ ಎಂದು ಕೇಳದೆ ಸ್ಪ್ಯಾನರು ಹಿಡಿಯುವ ಮೆಕ್ಯಾನಿಕ್ಕಿಗೂ ವ್ಯತ್ಯಾಸವಿಲ್ಲ.

ಕಿಡಿಯ ಮೂಲ ಕಾಯಿಲು. ಬ್ಯಾಟರಿಯ ಹನ್ನೆರಡು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸುವುದು ಅದರ ಕೆಲಸ. ಹಳೆಯ ಗಾಡಿಗಳಲ್ಲಿ ನಾಲ್ಕು ಸಿಲಿಂಡರಿಗೂ ಒಂದೇ ಕಾಯಿಲು. ಡಿಸ್ಟ್ರಿಬ್ಯೂಟರು ಅದರ ವಿದ್ಯುತ್ತನ್ನು ಸರದಿಯಂತೆ ಹಂಚುತ್ತಿತ್ತು. ಇಂದಿನ ಅನೇಕ ಗಾಡಿಗಳಲ್ಲಿ ಪ್ರತಿ ಪ್ಲಗ್ಗಿನ ನೆತ್ತಿಯ ಮೇಲೂ ಒಂದೊಂದು ಪುಟ್ಟ ಕಾಯಿಲು ಕುಳಿತಿರುತ್ತದೆ. ಇದರಿಂದ ಪರೀಕ್ಷಕನಿಗೆ ಒಂದು ದೊಡ್ಡ ಅನುಕೂಲ. ಮೆಕ್ಯಾನಿಕ್ಕು ಚಾವಿಯನ್ನು ತಿರುಗಿಸಿ ವಿದ್ಯುತ್ತನ್ನು ನಿಲ್ಲಿಸಿದರು. ಮೂರನೆಯ ಸಿಲಿಂಡರಿನ ಕಾಯಿಲನ್ನು ತೆಗೆದು ಎರಡನೆಯದಕ್ಕೂ, ಎರಡನೆಯದರದನ್ನು ಮೂರನೆಯದಕ್ಕೂ ಹಾಕಿದರು. ಪ್ಲಗ್ಗುಗಳನ್ನು ಮಾತ್ರ ಮುಟ್ಟಲಿಲ್ಲ. ಒಂದು ಸಾರಿಗೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ಬ್ರಹ್ಮನೂ ಹೇಳಲಾರ.

ಮೊಮ್ಮಗಳಿಗೆ ಇದು ಅರ್ಥವಾಗಲಿಲ್ಲ. ಅಜ್ಜಿ ವಿವರಿಸಿದರು: “ಹಿಂದಿನ ಬೆಂಚಿನಿಂದ ದಿನವೂ ಸಿಳ್ಳೆ ಕೇಳಿಸುತ್ತಿತ್ತು ಎನ್ನು. ಒಬ್ಬ ಹುಡುಗನ ಮೇಲೆ ನನಗೆ ಅನುಮಾನ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಅವನನ್ನು ಮುಂದಿನ ಬೆಂಚಿಗೆ ಕರೆದು ಕೂರಿಸುತ್ತೇನೆ. ಮಾರನೆಯ ದಿನ ಸಿಳ್ಳೆ ಮುಂದಿನ ಬೆಂಚಿನಿಂದ ಬಂದರೆ ತಪ್ಪು ಹುಡುಗನದು. ಹಿಂದಿನಿಂದಲೇ ಬಂದರೆ ಅವನ ಮೇಲೆ ಅನುಮಾನಪಟ್ಟ ತಪ್ಪು ನನ್ನದು.”

ಗಾಡಿಯ ಹಳೆಯ ದೂರನ್ನು ಅಳಿಸಿ, ಮೆಕ್ಯಾನಿಕ್ಕು ಅದನ್ನು ಊರಿನ ಹೊರಗಿನ ಏರಿಗೆ ಕೊಂಡೊಯ್ದು, ಮುಗ್ಗರಿಸಿದ ಒಡನೆಯೇ ಹಿಂದಕ್ಕೆ ತಿರುಗಿಸಿ ತಂದರು. ಉಪಕರಣವನ್ನು ಚುಚ್ಚಿದರೆ ಈ ಸಾರಿ ಬಂದ ಸಂಕೇತ ಪಿ0302. ಸಿಳ್ಳೆ ಹುಡುಗನ ಜೊತೆಯಲ್ಲಿಯೇ ಹೋಗಿತ್ತು. ಕೆಟ್ಟದ್ದು ಒಂದು ಕಾಯಿಲು; ತರುಣನ ಪಟ್ಟಿಯಲ್ಲಿದ್ದ ಹದಿಮೂರು ಭಾಗಗಳಲ್ಲಿ ಒಂದೇ ಒಂದು.

ದೋಷ ಕಾಯಿಲಿನೊಡನೆ ಹೋಗದೆ ಮೂರರಲ್ಲಿಯೇ ಉಳಿದಿದ್ದರೆ? ಆಗ ಪ್ಲಗ್ಗಿನ ಸರದಿ. ಎಂಜಿನು ತಣಿದ ಮೇಲೆ, ಗುಳಿಯ ದೂಳನ್ನು ಊದಿ ತೆಗೆದು, ಪ್ಲಗ್ಗನ್ನು ಬಿಚ್ಚಬೇಕು. ಕಾದಿರುವಾಗ ಬಿಚ್ಚಹೋದರೆ ಅಲ್ಯೂಮಿನಿಯಮ್ಮಿನ ಮರೆ ಕಿತ್ತುಬಂದೀತು. ಪ್ಲಗ್ಗಿನ ತುದಿಯನ್ನು ಓದುವುದು ಜಾತಕ ಓದಿದಂತೆ, ಆದರೆ ಅದಕ್ಕಿಂತ ನಂಬಲರ್ಹ. ತೆಳುವಾದ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಾಡಿಗೆಯಂತಿದ್ದರೆ ಪೆಟ್ರೋಲಿನ ಪಾಲು ಅತಿಯಾಗಿದೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬಂದಿದೆ, ಉರಿದಿಲ್ಲ. ಎಣ್ಣೆ ಮೆತ್ತಿದ್ದರೆ ಪಿಸ್ಟನ್ನಿನ ಉಂಗುರಗಳನ್ನೋ ಕವಾಟದ ಸೀಲನ್ನೋ ಶಂಕಿಸಬೇಕು. ಬಿಳಿಚಿ ಬೊಬ್ಬೆ ಎದ್ದಿದ್ದರೆ ಅತಿಯಾಗಿ ಕಾದಿದೆ. ಹೊರಗಿನ ಬಿಳಿಯ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಿಡಿ ಅಲ್ಲಿಂದಲೇ ಸೋರಿಹೋಗುತ್ತದೆ.

ಪ್ಲಗ್ಗೂ ಸರಿಯಿದ್ದರೆ ಇಂಜೆಕ್ಟರನ್ನು ನೋಡಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಆನಿಸಿದರೆ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಕೇಳಿಸಬೇಕು. ನಾಲ್ಕರಲ್ಲಿ ಒಂದು ಮೌನವಾಗಿದ್ದರೆ ಅದು, ಇಲ್ಲವೆ ಅದಕ್ಕೆ ಹೋಗುವ ತಂತಿ ಕೆಟ್ಟಿದೆ. ಇಲಿಯ ಹಲ್ಲಿನ ಗುರುತನ್ನು ಹುಡುಕಬೇಕಾದದ್ದು ಇಲ್ಲಿ. ಘಟ್ಟದ ಮೇಲಿನ ಆ ಮಹನೀಯರ ಊಹೆ ಅಷ್ಟೇನೂ ಹುಚ್ಚಿನದಲ್ಲ.

ಎಲ್ಲವೂ ಸರಿಯಿದ್ದು ಸಿಲಿಂಡರು ಇನ್ನೂ ಉರಿಯದಿದ್ದರೆ ಕೊನೆಗೆ ಉಳಿಯುವುದು ಒತ್ತಡ. ಪೆಟ್ರೋಲು ಮತ್ತು ಕಿಡಿಗಳೆರಡನ್ನೂ ನಿಲ್ಲಿಸಿ, ಪ್ಲಗ್ಗಿನ ರಂಧ್ರಕ್ಕೆ ಒತ್ತಡಮಾಪಕವನ್ನು ತಿರುಗಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರಿನಿಂದ ಎಂಜಿನನ್ನು ಕೆಲವು ಸುತ್ತು ತಿರುಗಿಸುತ್ತಾರೆ. ಸಾಮಾನ್ಯವಾದ ಪೆಟ್ರೋಲು ಎಂಜಿನಿನಲ್ಲಿ ಚದರ ಸೆಂಟಿಮೀಟರಿಗೆ ಹತ್ತರಿಂದ ಹದಿಮೂರು ಕಿಲೋಗ್ರಾಮಿನಷ್ಟು ಒತ್ತಡ ತೋರುತ್ತದೆ. ಅಂಕಿಗಿಂತಲೂ ಮುಖ್ಯವಾದದ್ದು ನಾಲ್ಕೂ ಸಿಲಿಂಡರುಗಳು ಹೆಚ್ಚುಕಡಿಮೆ ಸಮನಾಗಿರುವುದು. ಒಂದು ತೀರ ಹಿಂದೆ ಬಿದ್ದಿದ್ದರೆ ಅದರೊಳಗೆ ಒಂದು ಸಣ್ಣ ಚಮಚ ಎಂಜಿನ್ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಉಂಗುರಗಳು ಸವೆದಿವೆ. ಏರದಿದ್ದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೋತಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ಟು ಒಡೆದಿರಬಹುದು. ಎಂಜಿನನ್ನು ಬಿಚ್ಚುವ ಮಾತು ಬರಬೇಕಾದದ್ದು ಈ ಅಳತೆಗಳಾದ ಮೇಲೆಯೇ ಹೊರತು ಅದಕ್ಕಿಂತ ಮೊದಲಲ್ಲ.

ಸಕಲೇಶಪುರದಲ್ಲಿ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಗೃಹಸ್ಥರು ಸಮಾಧಾನದಿಂದ, “ಹಾಗಾದರೆ ಒಂದು ಕಾಯಿಲು ಹಾಕಿದರೆ ಮುಗಿಯಿತು” ಎಂದರು. ತಾಯಿಯವರು ಮಾತ್ರ ಬಿಡಲಿಲ್ಲ.

“ಅದೇನೋ ಸರಿ. ಆದರೆ ಆ ಹುಡುಗ ತುಂಟನಾದದ್ದು ಏಕೆ?”

ಮೆಕ್ಯಾನಿಕ್ಕು ಉತ್ತರವನ್ನು ಬಾಯಿಂದ ಹೇಳದೆ, ತಣಿದ ಎಂಜಿನಿನಿಂದ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಅಂತರ ಗಾಡಿಯಿಂದ ಗಾಡಿಗೆ ಬೇರೆಯಾಗುತ್ತದೆ; ಹೆಚ್ಚಿನವುಗಳಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಲೋಹ ಸವೆದು ಸವೆದು ಅಂತರ ಒಂದೂವರೆ ಮಿಲಿಮೀಟರನ್ನು ಮುಟ್ಟಿತ್ತು. ಹೊಳೆ ಅಗಲವಾದಷ್ಟೂ ದಾಟುವವನು ಹೆಚ್ಚು ಬಲವಾಗಿ ಜಿಗಿಯಬೇಕು. ಆ ಜಿಗಿತಕ್ಕೆ ಬೇಕಾದ ಅಧಿಕ ವೋಲ್ಟೇಜನ್ನು ದಿನವೂ ಹೆತ್ತು ಹೆತ್ತು ಕಾಯಿಲುಗಳು ಬಳಲಿದ್ದವು. ನಾಲ್ಕರಲ್ಲಿ ದುರ್ಬಲವಾದದ್ದು ಮೊದಲು ಸೋತಿತ್ತು. ಹೊಸ ಕಾಯಿಲನ್ನು ಈ ಹಳೆಯ ಪ್ಲಗ್ಗಿನ ಮೇಲೆಯೇ ಕೂರಿಸಿದ್ದರೆ ಕೆಲವು ತಿಂಗಳಿಗೆ ಅದೂ ಸೋಲುತ್ತಿತ್ತು. ಆಗ ಜನ ದೂರುವುದು ಕಾಯಿಲನ್ನು.

ಪ್ಲಗ್ಗುಗಳನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಾಯಿಸಬೇಕೆಂಬುದು ಗಾಡಿಯ ಜೊತೆಯಲ್ಲಿ ಬರುವ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್ಗುಗಳಿಗೆ ಹೆಚ್ಚಾಗಿ ಮೂವತ್ತು ನಲವತ್ತು ಸಾವಿರ ಕಿಲೋಮೀಟರಿನ ಆಯುಸ್ಸು. ಇರಿಡಿಯಮ್ಮಿನವು ಅದಕ್ಕಿಂತ ಬಹಳ ಹೆಚ್ಚು ಬಾಳುತ್ತವೆ. ಗೃಹಸ್ಥರ ಗಾಡಿಯ ಕೈಪಿಡಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹತ್ತು ವರ್ಷಗಳಿಂದ ಪ್ಲಾಸ್ಟಿಕ್ಕಿನ ಚೀಲದೊಳಗೆ ಹೊಸದಾಗಿಯೇ ಇತ್ತು. ಹಿಂದಿನ ಒಡೆಯರೂ ಅದನ್ನು ತೆರೆದಿರಲಿಲ್ಲ, ಇವರೂ ತೆರೆದಿರಲಿಲ್ಲ. ಪತ್ನಿ ಅದನ್ನು ಈಚೆಗೆ ತೆಗೆದು, ಚೀಲ ಬಿಚ್ಚಿ, ಸುಮ್ಮನೆ ಪತಿಯ ಕೈಗಿತ್ತರು. ಅದರ ಮೇಲೆ ಮಾತಿನ ಅಗತ್ಯವಿರಲಿಲ್ಲ.

ಕಿಡಿಯ ಕಥೆಗೂ ನಮ್ಮ ನಾಡಿಗೂ ನಂಟಿಲ್ಲದಿಲ್ಲ. ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿ ಗಾಟ್ಲೋಬ್ ಹೊನೊಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಪ್ಲಗ್ಗನ್ನೂ 1902ರಲ್ಲಿ ಸಿದ್ಧಪಡಿಸಿದ ಮೇಲೆಯೇ ಮೋಟಾರು ಗಾಡಿಗೆ ನಂಬಬಹುದಾದ ಕಿಡಿ ದೊರೆತದ್ದು. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ತೆರೆದು ಪ್ಲಗ್ಗುಗಳನ್ನು ತಯಾರಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದು ಬದಲಾಯಿತು. ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ ಆ ಪ್ಲಗ್ಗು ಇಂದಿಗೂ ಮೈಕೋ ಪ್ಲಗ್ಗೇ.

ಪ್ಲಗ್ಗುಗಳು ಊರಿನ ಅಂಗಡಿಯಲ್ಲಿಯೇ ದೊರೆತವು. ಕಾಯಿಲು ಹಾಸನದಿಂದ ಬಸ್ಸಿನಲ್ಲಿ ಬಂದಿತು. ಮೆಕ್ಯಾನಿಕ್ಕು ಹೊಸ ಪ್ಲಗ್ಗುಗಳ ಅಂತರವನ್ನು ಅಳೆದು ನೋಡಿ, ಮೊದಲು ಬೆರಳಿನಿಂದಲೇ ಮರೆಗೆ ಕೂರಿಸಿ, ಬಳಿಕ ಸ್ಪ್ಯಾನರಿನಿಂದ ಹದವಾಗಿ ಬಿಗಿದರು. ವಾಷರು ಇರುವ ಹೊಸ ಪ್ಲಗ್ಗಿಗೆ ಕೈಬಿಗಿಯ ಮೇಲೆ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ಶಕ್ತಿ ಪ್ರದರ್ಶನಕ್ಕೆ ಅದು ಜಾಗವಲ್ಲ. ಸಂಕೇತವನ್ನು ಅಳಿಸಿ ಎಂಜಿನನ್ನು ಚಾಲೂ ಮಾಡಿದಾಗ ಸದ್ದು ಹೊಲಿಗೆಯ ಯಂತ್ರದಂತೆ ಸಮನಾಗಿ ಬಂದಿತು. ಮತ್ತೆ ಅದೇ ಏರಿಗೆ ಹೋಗಿ ಬಂದರು. ದೀಪ ಹೊತ್ತಲಿಲ್ಲ. ರಿಪೇರಿ ಮುಗಿಯಿತೆಂದು ಹೇಳಬೇಕಾದದ್ದು ಭಾಗವನ್ನು ಹಾಕಿದಾಗ ಅಲ್ಲ. ದೋಷ ಕಂಡ ಸ್ಥಿತಿಯಲ್ಲಿಯೇ ಮತ್ತೆ ಪರೀಕ್ಷಿಸಿ, ಅದು ಕಾಣದೆ ಹೋದಾಗ.

ತರುಣನು ತನ್ನ ಹಳೆಯ ಪಟ್ಟಿಯನ್ನು ಹರಿದು ಹೊಸದನ್ನು ಬರೆದುಕೊಟ್ಟನು. ಅವನು ಮೋಸಗಾರನಲ್ಲ. ಎಲ್ಲವನ್ನೂ ಬದಲಾಯಿಸಿದರೆ ದೋಷ ಹೋಗುವುದು ಖಂಡಿತವೆಂಬುದು ಅವನು ಕಲಿತ ಪಾಠ. ಹುಡುಕಿ ತಿಳಿಯುವ ತಾಳ್ಮೆಯನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹಿರಿಯರು ಎರಡನೆಯ ಸಿಲಿಂಡರಿನಿಂದ ಕಾಯಿಲನ್ನು ಕಳಚುವಾಗ ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದುದನ್ನು ತಾಯಿಯವರು ಗಮನಿಸಿದ್ದರು. ಹೊರಡುವಾಗ ಅವನನ್ನು ಕರೆದು, “ಈ ದಿನ ನೀನೂ ಒಂದು ಪಾಠ ಕಲಿತೆ, ನಾನೂ ಒಂದು ಕಲಿತೆ. ಶುಲ್ಕ ಮಾತ್ರ ನನ್ನ ಮಗ ಕೊಟ್ಟ” ಎಂದರು. ಅವನು ನಕ್ಕನು.

ಗಾಡಿ ಹಾಸನದ ದಾರಿ ಹಿಡಿಯುವಾಗ ಸಂಜೆಯಾಗಿತ್ತು. ಗೃಹಸ್ಥರು ಒಮ್ಮೆ ಆಕ್ಸಿಲರೇಟರನ್ನು ಒತ್ತಿ ನೋಡಿದರು. ನಾಲ್ವರೂ ಹೆಗಲು ಕೊಟ್ಟರು. ಮೊಮ್ಮಗಳು ಹಳೆಯ ಪ್ಲಗ್ಗೊಂದನ್ನು ಬೇಡಿ ತೆಗೆದುಕೊಂಡು, ಬಟ್ಟೆಯಿಂದ ಒರೆಸಿ, ತನ್ನ ಪೆನ್ಸಿಲಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಕೈಪಿಡಿಯನ್ನು ಪೆಟ್ಟಿಗೆಗೆ ಹಿಂದಿರುಗಿಸುವ ಮೊದಲು ಗೃಹಸ್ಥರ ಪತ್ನಿ ಅದರ ಒಳರಕ್ಷಾಪುಟದಲ್ಲಿ ಆ ದಿನದ ತಾರೀಕನ್ನೂ ಗಾಡಿ ಓಡಿದ ಕಿಲೋಮೀಟರಿನ ಲೆಕ್ಕವನ್ನೂ ಬರೆದಿಟ್ಟರು.